ಹುರುಳಿ, ಉಪ್ಪು, ಓಮ: ಕುದುರೆಯ ಜೀರ್ಣರಕ್ಷಣೆಯ ಜನಪದ ಜ್ಞಾನ ಮತ್ತು ಭದ್ರಾವತಿಯ ಹಳೇನಗರ

ಕರ್ನಾಟಕದ ಚರಿತ್ರೆಯಲ್ಲಿ ಕುದುರೆಯನ್ನು ಕುರಿತು ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿವೆ. ಒಂದು ಸೈನ್ಯದ ದಾರಿ, ಇನ್ನೊಂದು ವ್ಯಾಪಾರದ ದಾರಿ. ಯಾವ ಅರಸನ ಬಳಿ ಎಷ್ಟು ಕುದುರೆಗಳಿದ್ದವು, ಅವು ಯಾವ ಬಂದರಿನಲ್ಲಿ ಇಳಿದವು, ಒಂದೊಂದಕ್ಕೆ ಎಷ್ಟು ಹೊನ್ನು ತೆತ್ತರು ಎಂಬ ವಿವರಗಳು ನಮಗೆ ಸಾಕಷ್ಟು ದೊರೆಯುತ್ತವೆ. ಆದರೆ ಅಷ್ಟು ಹೊನ್ನು ತೆತ್ತು ತಂದ ಪ್ರಾಣಿ ಈ ನೆಲದಲ್ಲಿ ಏನನ್ನು ತಿಂದು ಬದುಕಿತು, ತಿಂದದ್ದನ್ನು ಹೇಗೆ ಅರಗಿಸಿಕೊಂಡಿತು, ಅರಗದೆ ಹೊಟ್ಟೆ ಉಬ್ಬಿದಾಗ ಅದರ ಮಗ್ಗುಲಲ್ಲಿ ರಾತ್ರಿಯೆಲ್ಲ ನಿಂತವರು ಯಾರು ಎಂಬ ಪ್ರಶ್ನೆಗಳು ಬದಿಗೆ ಸರಿದಿವೆ. ಲಾಯದ ಬಾಗಿಲಿನವರೆಗೆ ಬಂದ ಚರಿತ್ರೆ ಒಳಗೆ ಕಾಲಿಡಲು ಹಿಂಜರಿದಿದೆ ಎಂದರೆ ತಪ್ಪಾಗದು. ಪ್ರಸ್ತುತ ಲೇಖನವು ಆ ಬಾಗಿಲನ್ನು ದಾಟಿ ನೋಡುವ ಒಂದು ಸಣ್ಣ ಪ್ರಯತ್ನ.

ಇದಕ್ಕೆ ನಾನು ಆರಿಸಿಕೊಂಡಿರುವ ನೆಲೆ ಭದ್ರಾವತಿಯ ಹಳೇನಗರ, ಊರವರ ಮಾತಿನಲ್ಲಿ ‘ಓಲ್ಡ್ ಟೌನ್’. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರು ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದ ಸುತ್ತ ಬೆಳೆದದ್ದು. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ ‘ನ್ಯೂ ಟೌನ್’ ಹುಟ್ಟಿಕೊಂಡು, ಅದುವರೆಗೆ ಬರಿಯ ಊರಾಗಿದ್ದದ್ದು ಹಳೆಯ ಊರಾಯಿತು. ಈ ಎರಡು ಊರುಗಳ ನಡುವೆ, ರೈಲು ನಿಲ್ದಾಣಕ್ಕೂ ಪೇಟೆಗೂ ನಡುವೆ, ಜನರನ್ನೂ ಮೂಟೆಗಳನ್ನೂ ಸಾಗಿಸುತ್ತಿದ್ದದ್ದು ಜಟಕಾ ಗಾಡಿ. ಆಟೋರಿಕ್ಷಾ ಬಂದು ಜಟಕಾ ಮರೆಯಾಯಿತು. ಆದರೆ ಜಟಕಾ ಹೊಡೆದ ಕೈಗಳು ಇನ್ನೂ ಕೆಲವು ಉಳಿದಿವೆ. ಹೆಸರು ಬರೆಯಬಾರದೆಂಬ ನಿಬಂಧನೆಯ ಮೇಲೆ ನನ್ನೊಡನೆ ಮಾತನಾಡಿದ ಅಂಥ ಒಬ್ಬ ಹಿರಿಯರ ತಿಳಿವಳಿಕೆಯೇ ಈ ಬರಹದ ಒಂದು ಮುಖ್ಯ ಆಕರ. ಅವರ ಮನೆಮಾತು ದಖನಿ; ನನ್ನೊಡನೆ ಆಡಿದ್ದು ಭದ್ರಾವತಿಯ ಅಚ್ಚ ಕನ್ನಡ.

ಭದ್ರಾವತಿಯ ಭೌಗೋಳಿಕ ಸ್ಥಾನವೂ ಇಲ್ಲಿ ಮುಖ್ಯ. ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಚನ್ನಗಿರಿ, ಕಡೂರುಗಳ ಬಯಲುಸೀಮೆ. ಮಲೆನಾಡು ಕುದುರೆಗೆ ಒಗ್ಗುವ ಸೀಮೆಯಲ್ಲ. ತಿಂಗಳುಗಟ್ಟಲೆ ಹಿಡಿಯುವ ಮಳೆ, ನೀರು ತುಂಬಿದ ಎಳೆಹುಲ್ಲು, ಬೂಸಲು ಹಿಡಿಯುವ ಭತ್ತದ ಹುಲ್ಲು, ಇವೆಲ್ಲ ಅದರ ಹೊಟ್ಟೆಗೆ ಶತ್ರುಗಳೇ. ಹುರುಳಿ ಬೆಳೆಯುವುದು ಮಳೆ ಕಡಿಮೆಯಾದ ಬಯಲಿನ ಕೆಂಪು ನೆಲದಲ್ಲಿ. ಕಾಳುಮೆಣಸು, ಶುಂಠಿ ಬೆಳೆಯುವುದು ಮಲೆನಾಡಿನಲ್ಲಿ. ಈ ಎರಡೂ ಒಂದೇ ಸಂತೆಯಲ್ಲಿ ಕೈಗೆ ಸಿಗುವ ಗಡಿಯಲ್ಲಿ ಭದ್ರಾವತಿಯಿದೆ. ಜಟಕಾ ಕುದುರೆಯ ಊಟವನ್ನು ನೋಡಿದರೆ ಈ ಗಡಿಯೇ ಅದರ ತೋಬರೆ ಚೀಲದಲ್ಲಿ ಕುಳಿತಂತೆ ಕಾಣುತ್ತದೆ.

ಶಿವಮೊಗ್ಗ ಸೀಮೆಗೆ ಕುದುರೆ ಹೊಸದೇನೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ 11ನೆಯ ಶತಮಾನದ ಶಾಸನವೊಂದು ಅಯ್ಯಾವೊಳೆ ಐನೂರ್ವರು ವ್ಯಾಪಾರ ಮಾಡುತ್ತಿದ್ದ ಸರಕುಗಳನ್ನು ವರ್ಣಿಸುವಾಗ ಆನೆಗಳ ಜೊತೆಗೆ ಜಾತಿಕುದುರೆಗಳನ್ನೂ ಹೇಳುತ್ತದೆ. ಹೊಯ್ಸಳರ ಶಾಸನಗಳಲ್ಲಿ ‘ಸಾಹಣಿ’ ಎಂಬ ಅಧಿಕಾರಿ ಕಾಣಸಿಗುತ್ತಾನೆ. ಕುದುರೆ ಲಾಯದ ಹೊಣೆ ಆತನದು. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಬಾರ್ಬೋಸಾ ಭಟ್ಕಳಕ್ಕೆ ಓರ್ಮುಜಿನಿಂದ ಕುದುರೆಗಳು ಬರುತ್ತಿದ್ದುದನ್ನು ದಾಖಲಿಸಿದ್ದಾನೆ. ಭಟ್ಕಳ, ಹೊನ್ನಾವರಗಳಿಂದ ಘಟ್ಟ ಹತ್ತುವ ದಾರಿಗಳು ಮುಂದೆ ಕೆಳದಿ ಅರಸರ ಕೈಯಲ್ಲಿದ್ದವು. ಮೆಣಸು ಘಟ್ಟ ಇಳಿಯಿತು, ಕುದುರೆ ಘಟ್ಟ ಹತ್ತಿತು.

ಹೀಗೆ ಘಟ್ಟ ಹತ್ತಿದ ಕುದುರೆಯ ಸ್ಥಿತಿಯನ್ನು ಒಮ್ಮೆ ಊಹಿಸಿಕೊಳ್ಳಬೇಕು. ಅದು ಹುಟ್ಟಿ ಬೆಳೆದದ್ದು ಒಣ ಹವೆಯಲ್ಲಿ, ಜವೆಗೋದಿಯ ಮೇವಿನಲ್ಲಿ. ವಾರಗಟ್ಟಲೆ ಹಡಗಿನಲ್ಲಿ ನಿಂತೇ ಬಂದು, ಕರಾವಳಿಯ ತೇವಕ್ಕೆ ಇಳಿದು, ಎದುರಿಗೆ ಹಾಕಿದ ಕಂಡರಿಯದ ಕಾಳನ್ನು ತಿನ್ನಬೇಕು. ದಾರಿಯಲ್ಲಿ ಸಾಯುತ್ತಿದ್ದ ಕುದುರೆಗಳೇನೂ ಕಡಿಮೆಯಿರಲಿಲ್ಲ. ಸಾಳುವ ನರಸಿಂಹನು ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತವುಗಳ ಬಾಲವನ್ನಷ್ಟೇ ತಂದು ತೋರಿಸಿದರೂ ಹಣ ಕೊಡುತ್ತಿದ್ದನೆಂದೂ ನೂನಿಜ್ ಬರೆದಿದ್ದಾನೆ. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂಬುದೂ ಅವನದೇ ಮಾತು. ಅದರಲ್ಲಿ ಓರ್ಮುಜಿನವೂ ಇದ್ದವು, ನಾಡಿನವೂ ಇದ್ದವು. ಪ್ರತಿವರ್ಷ ಇಷ್ಟೊಂದು ಕೊಳ್ಳಬೇಕಾಗಿದ್ದಿತೆಂದರೆ ಪ್ರತಿವರ್ಷ ಎಷ್ಟು ಕಳೆದುಹೋಗುತ್ತಿದ್ದವೆಂಬ ಪ್ರಶ್ನೆ ಏಳದಿರುವುದಿಲ್ಲ.

ಈ ಸಾವುಗಳಿಗೆ ಹೊರಗಿನವರು ಕೊಟ್ಟ ಕಾರಣ ಒಂದೇ: ಇಲ್ಲಿನವರಿಗೆ ಕುದುರೆಯನ್ನು ಸಾಕಲು ಬರುವುದಿಲ್ಲ. 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೋ ಪೋಲೋ, ಅಲ್ಲಿನವರು ಕುದುರೆಗೆ ಬೇಯಿಸಿದ ಅನ್ನವನ್ನೂ ಬೇಯಿಸಿದ ಮಾಂಸವನ್ನೂ ತಿನ್ನಿಸುತ್ತಾರೆಂದು ಬೆರಗಾದ. ಅದೇ ಕಾಲಕ್ಕೆ ಸೇರಿದ ಪರ್ಷಿಯನ್ ಚರಿತ್ರಕಾರ ವಸ್ಸಾಫನೂ ಹಸಿ ಜವೆಯ ಬದಲು ಹುರಿದ ಜವೆ, ಬೆಣ್ಣೆ ಹಾಕಿ ಬೇಯಿಸಿದ ಕಾಳು, ಕುಡಿಯಲು ಕಾಯಿಸಿದ ಹಸುವಿನ ಹಾಲು ಕೊಡುತ್ತಾರೆಂದು ಆಕ್ಷೇಪಿಸಿದ. 15ನೆಯ ಶತಮಾನದಲ್ಲಿ ಮಾರಲೆಂದು ಒಂದು ಗಂಡುಕುದುರೆಯನ್ನು ಹಿಡಿದುಕೊಂಡು ಬೀದರಿನವರೆಗೆ ಬಂದ ರಷ್ಯನ್ ವ್ಯಾಪಾರಿ ಅಫನಾಸಿ ನಿಕಿತಿನ್ ಮಾತ್ರ ದೂರದೆ, ನಗದೆ, ಕಂಡದ್ದನ್ನು ಬರೆದ: ಕುದುರೆಗೆ ಕಾಳು ತಿನ್ನಿಸುತ್ತಾರೆ, ಸಕ್ಕರೆ, ಎಣ್ಣೆ ಹಾಕಿ ಕಿಚಡಿ ಬೇಯಿಸಿ ಕೊಡುತ್ತಾರೆ. ತನ್ನ ಕುದುರೆಯನ್ನು ತಾನೇ ಸಾಕಿಕೊಂಡು ಬಂದವನಿಗೆ ಬೇರೆಯವರ ಲಾಯವನ್ನು ಹಗುರವಾಗಿ ಕಾಣಲು ಮನಸ್ಸು ಬಂದಿರಲಿಕ್ಕಿಲ್ಲ.

ಪೋಲೋನ ಮಾತನ್ನು ನಮ್ಮ ಅನೇಕ ಚರಿತ್ರೆಯ ಪುಸ್ತಕಗಳು ಹಾಗೆಯೇ ಎತ್ತಿಕೊಂಡು ‘ಭಾರತೀಯರ ಅಜ್ಞಾನ’ಕ್ಕೆ ಉದಾಹರಣೆಯಾಗಿ ಕೊಟ್ಟಿವೆ. ಇದನ್ನು ಪರಿಶೀಲಿಸಬೇಕಾಗಿದೆ. ಮಾಂಸದ ವಿಷಯವನ್ನೇ ನೋಡೋಣ. ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣದಲ್ಲಿ ಉತ್ತಮ ಕುದುರೆಯ ದಿನದ ಪಡಿ ನಿಗದಿಯಾಗಿದೆ: ಎರಡು ದ್ರೋಣ ಧಾನ್ಯ, ಅದು ಅರೆ ಒಣಗಿದ್ದು ಇಲ್ಲವೇ ಅರೆ ಬೆಂದದ್ದು, ಅಥವಾ ಹೆಸರು, ಉದ್ದುಗಳ ಬೇಯಿಸಿದ ಕಾಳು, ಒಂದು ಪ್ರಸ್ಥ ಎಣ್ಣೆ, ಐದು ಪಲ ಉಪ್ಪು, ಐವತ್ತು ಪಲ ಮಾಂಸ, ಮುದ್ದೆಯನ್ನು ನಾದಲು ರಸ ಅಥವಾ ಮೊಸರು, ಕುಡಿಯಲು ಮದ್ಯ ಅಥವಾ ಹಾಲು. ಅಂದರೆ ಪೋಲೋ ಕಂಡದ್ದು ಹಿಂದುಮುಂದಿಲ್ಲದ ಅವಿವೇಕವನ್ನಲ್ಲ, ಬಹಳ ಹಳೆಯದಾದ ಒಂದು ಅರಮನೆಯ ಪಡಿಯ ಪಳೆಯುಳಿಕೆಯನ್ನು. ಅದು ಕುದುರೆಯ ಹೊಟ್ಟೆಗೆ ಒಳ್ಳೆಯದೇ ಎಂಬುದು ಬೇರೆ ಮಾತು. ಒಳ್ಳೆಯದಲ್ಲ ಎಂದೇ ನನ್ನ ಭಾವನೆ. ಆ ಮಟ್ಟಿಗೆ ಪೋಲೋ ಅರ್ಧ ಸರಿ. ಆದರೆ ಅನ್ನ, ಮಾಂಸಗಳನ್ನು ಹಳಿಯುವ ಭರದಲ್ಲಿ ‘ಬೇಯಿಸುವುದು’ ಎಂಬ ಕ್ರಿಯೆಯನ್ನೇ ಹಳಿದದ್ದು ತಪ್ಪು.

ಯಾಕೆಂಬುದನ್ನು ತಿಳಿಯಲು ಕುದುರೆಯ ಹೊಟ್ಟೆಯ ರಚನೆಯನ್ನು ಸ್ವಲ್ಪ ನೋಡಬೇಕು. ದೇಹದ ಗಾತ್ರಕ್ಕೆ ಹೋಲಿಸಿದರೆ ಕುದುರೆಯ ಜಠರ ಬಲು ಚಿಕ್ಕದು. ಹಿಡಿಯುವುದು ಸುಮಾರು 8ರಿಂದ 15 ಲೀಟರು. ದನದಂತೆ ಅದು ಮೆಲುಕು ಹಾಕುವುದಿಲ್ಲ. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡಿ ಹೊರಹಾಕುವ ಶಕ್ತಿಯೂ ಅದಕ್ಕಿಲ್ಲ. ಒಳಹೋದದ್ದು ಹಿಂದಿನಿಂದಲೇ ಹೊರಬರಬೇಕು. ಹುಲ್ಲಿನ ನಾರನ್ನು ಅರಗಿಸುವ ಕೆಲಸ ನಡೆಯುವುದು ಕರುಳಿನ ಹಿಂಭಾಗದಲ್ಲಿ, ಅಂಧಾಂತ್ರ ಮತ್ತು ದೊಡ್ಡ ಕರುಳಿನಲ್ಲಿ ನೆಲೆಸಿರುವ ಕೋಟ್ಯಂತರ ಸೂಕ್ಷ್ಮಜೀವಿಗಳಿಂದ. ಒಂದೇ ಸಲ ಹೆಚ್ಚು ಪಿಷ್ಟ ತಿಂದರೆ ಅದು ಸಣ್ಣ ಕರುಳಿನಲ್ಲಿ ಅರಗದೆ ಹಿಂದಕ್ಕೆ ಜಾರಿ, ಅಲ್ಲಿ ಹುಳಿತು, ಆಮ್ಲವಾಗಿ, ಆ ಜೀವಿಗಳನ್ನೇ ಕೆಡಿಸುತ್ತದೆ. ಪರಿಣಾಮ ಹೊಟ್ಟೆಶೂಲೆ, ಕೆಲವೊಮ್ಮೆ ಗೊರಸಿನೊಳಗಿನ ಉರಿಯೂತ, ಅದರಿಂದ ಕುದುರೆ ಕಾಯಂ ಕುಂಟಾಗುವುದೂ ಉಂಟು.

ಇನ್ನು ಹುರುಳಿ. ಪುಟ್ಟದು, ಗಟ್ಟಿ, ನುಣುಪು. ಹಸಿವಿನಲ್ಲಿರುವ ಕುದುರೆ ಅದನ್ನು ಅಗಿಯದೆಯೇ ನುಂಗುತ್ತದೆ. ಹಸಿ ಹುರುಳಿಯಲ್ಲಿ ಪ್ರೋಟೀನು ಅರಗುವುದನ್ನು ತಡೆಯುವ ಅಂಶಗಳಿವೆ. ನೆನೆಸಿ ಬೇಯಿಸಿದರೆ ಆ ಅಂಶಗಳು ಬಹುಮಟ್ಟಿಗೆ ನಾಶವಾಗುತ್ತವೆ, ಕಾಳು ಮೆದುವಾಗುತ್ತದೆ, ಪಿಷ್ಟವು ಹಿಂದಕ್ಕೆ ಜಾರದೆ ಸಣ್ಣ ಕರುಳಿನಲ್ಲಿಯೇ ಅರಗಲು ಅನುಕೂಲವಾಗುತ್ತದೆ. ಜವೆಗೆ ಅಗತ್ಯವಿಲ್ಲದ ಒಲೆ ಹುರುಳಿಗೆ ಅಗತ್ಯ. ಪರದೇಶದ ಸಾಕಣೆಯ ಕ್ರಮವನ್ನು ಕೈಬಿಟ್ಟು ಇಲ್ಲಿನ ಕಾಳಿಗೆ ತಕ್ಕ ಕ್ರಮವನ್ನು ಹುಡುಕಿಕೊಂಡ ಯಾರೋ ಹೆಸರಿಲ್ಲದ ಚಾಕರನ ಬುದ್ಧಿ ಆ ಒಲೆಯ ಹಿಂದಿದೆ.

1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ಶಿವಮೊಗ್ಗ, ಬಿದನೂರು, ಇಕ್ಕೇರಿಗಳನ್ನೂ ಕಂಡ ಫ್ರಾನ್ಸಿಸ್ ಬುಕಾನನ್ ಹುರುಳಿಯನ್ನು ಅದರ ಕನ್ನಡ ಹೆಸರಿನಿಂದಲೇ ಮತ್ತೆ ಮತ್ತೆ ದಾಖಲಿಸುತ್ತಾನೆ. ಇಂಗ್ಲಿಷರು ಅದಕ್ಕೆ ‘ಕುದುರೆ ಕಾಳು’ ಎಂಬರ್ಥದ ಹೆಸರನ್ನೇ ಕೊಟ್ಟರು. ನಮ್ಮವರ ಪಾಲಿಗೆ ಅದು ಎಂದೂ ಕುದುರೆಯದೊಂದೇ ಆಗಿರಲಿಲ್ಲ. ದನಕ್ಕೋ ಕುದುರೆಗೋ ಹುರುಳಿ ಬೇಯಿಸಿದ ದಿನ ಬಸಿದ ಕಟ್ಟು ಅಡುಗೆಮನೆಗೆ, ಕಾಳು ಕೊಟ್ಟಿಗೆಗೆ. ಮಲೆನಾಡಿನ ಹುರುಳಿ ಕಟ್ಟಿನ ಸಾರಿನ ರುಚಿ ಬಲ್ಲವರಿಗೆ ಈ ಹಂಚಿಕೆಯ ನ್ಯಾಯವನ್ನು ವಿವರಿಸಬೇಕಾಗಿಲ್ಲ. ಒಂದೇ ಪಾತ್ರೆಯಿಂದ ಮನುಷ್ಯನೂ ಪ್ರಾಣಿಯೂ ಉಂಡ ಕಾರಣದಿಂದಲೇ ಆ ಪಾತ್ರೆಯ ಹದವನ್ನು ಮನೆಯ ಹೆಂಗಸರು ಕಾಯುತ್ತ ಬಂದರು. ಹಳೇನಗರದ ಹಿರಿಯರು ಹೇಳಿದ್ದೂ ಇದನ್ನೇ: “ಗಾಡಿ ಹೊಡೀತಿದ್ದೋನು ನಾನು, ಮೇಷ್ಟ್ರೇ. ಕುದುರೆ ಸಾಕಿದ್ದು ನಮ್ಮಮ್ಮ.” ಕುದುರೆಯ ಚರಿತ್ರೆಯಲ್ಲಿ ಹೆಂಗಸರ ಹೆಸರು ಬರುವುದು ಅಪರೂಪ, ಒಲೆಯ ಕಡೆಯಿಂದ ಬರೆದರೆ ಬರುತ್ತದೆ.

ಶಾಸ್ತ್ರಗ್ರಂಥಗಳ ಪರಂಪರೆಯೂ ಕನ್ನಡದಲ್ಲಿ ಬಡವಾಗಿಲ್ಲ. 12ನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಗೋವೈದ್ಯವನ್ನು ಬರೆದ. ಅದೇ ಶತಮಾನದ ಕಲ್ಯಾಣದ ಅರಸ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಗೆ ವಿಸ್ತಾರವಾದ ಸ್ಥಾನವಿದೆ. ಅಭಿನವಚಂದ್ರನು ಕನ್ನಡದಲ್ಲಿ ಅಶ್ವವೈದ್ಯವನ್ನು ರಚಿಸಿದ. 17ನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರು ಆಸ್ಥಾನದ ಪದ್ಮಣಪಂಡಿತನ ಹಯಸಾರ ಸಮುಚ್ಚಯ ಬಂತು. ನಮ್ಮ ಸೀಮೆಯವನೇ ಆದ ಕೆಳದಿ ಬಸವರಾಜನು 1709ರಲ್ಲಿ ಮುಗಿಸಿದ ಸಂಸ್ಕೃತದ ಶಿವತತ್ತ್ವರತ್ನಾಕರವು ಅಶ್ವವಿದ್ಯೆಯನ್ನೂ ಒಳಗೊಂಡಿದೆ. ಈ ಪರಂಪರೆಯ ಮೂಲಪುರುಷ ಶಾಲಿಹೋತ್ರನೆಂಬುದು ಸರ್ವಸಮ್ಮತ. ಕುದುರೆ ಮದ್ದು ಬಲ್ಲವನನ್ನು ದಖನಿ ಮಾತಿನಲ್ಲಿ ‘ಸಲೋತ್ರಿ’ ಎನ್ನುತ್ತಾರೆ. ಸಂಸ್ಕೃತದ ಋಷಿಯೊಬ್ಬನ ಹೆಸರು ಫಾರಸಿ, ಉರ್ದುಗಳನ್ನು ಹಾದು ಜಟಕಾ ನಿಲ್ದಾಣದ ಮುಸ್ಲಿಮನ ಕಸುಬಿನ ಹೆಸರಾಗಿ ಉಳಿದದ್ದು ನಮ್ಮ ಜ್ಞಾನಪರಂಪರೆ ಎಷ್ಟು ಜಾತಿಮತಗಳ ಅಂಗಳವನ್ನು ತುಳಿದು ಬಂದಿದೆ ಎಂಬುದಕ್ಕೆ ಸಾಕ್ಷಿ.

ಆದರೆ ಗ್ರಂಥದ ಕುದುರೆಯೂ ಗಾಡಿಯ ಕುದುರೆಯೂ ಒಂದೇ ಅಲ್ಲ ಎಂಬುದನ್ನು ಮರೆಯುವಂತಿಲ್ಲ. ಗ್ರಂಥಗಳದು ತುಪ್ಪ, ಹಾಲು, ಮದ್ಯಗಳ ಅರಮನೆಯ ಲಾಯ. ಅಲ್ಲಿ ಕುದುರೆ ಸತ್ತರೆ ಬೊಕ್ಕಸಕ್ಕೆ ನಷ್ಟ. ಸಿಲೇದಾರನ ಸ್ಥಿತಿ ಬೇರೆ. ಸ್ವಂತ ಕುದುರೆ ತಂದು, ಅದರ ಮೇವಿನ ಹೊಣೆಯನ್ನೂ ಹೊತ್ತು ಚಾಕರಿ ಮಾಡುವವನು ಅವನು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಸವಾರರನ್ನು ಇಟ್ಟುಕೊಳ್ಳಬೇಕಾಗಿದ್ದ ಕಾಲದಲ್ಲಿ ಈ ಸಿಲೇದಾರರೇ ಅದರ ಬೆನ್ನೆಲುಬು. ಒಂದು ರಾತ್ರಿಯ ಹೊಟ್ಟೆಶೂಲೆ ಅವನ ಜೀವನವನ್ನೇ ಕೆಡವಬಲ್ಲದು. ಜಟಕಾದವನದೂ ಇದೇ ಕಥೆ, ಇನ್ನೂ ಸಣ್ಣ ಅಳತೆಯಲ್ಲಿ. ಅಗ್ಗದಲ್ಲಿ, ದಿನವೂ, ತಪ್ಪದೆ ಕುದುರೆಯ ಹೊಟ್ಟೆಯನ್ನು ಕಾಯುವ ವಿದ್ಯೆ ಬೆಳೆದದ್ದು ಇಂಥವರ ಬಳಿ ಎಂಬುದು ನನ್ನ ವಾದ. ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಕುದುರೆಗಳನ್ನು ನಡೆಸಿಕೊಂಡು ಹೋಗುವ ಚಾಕರರ ಸಾಲೇ ಇದೆ. ಕಲ್ಲಿನಲ್ಲಿ ನಿಂತ ಅವರಿಗೆ ಗ್ರಂಥದಲ್ಲಿ ಜಾಗ ಸಿಗಲಿಲ್ಲ.

ಇನ್ನು ಹಳೇನಗರದ ಕ್ರಮವನ್ನೇ ವಿವರಿಸುತ್ತೇನೆ. ದಿನಕ್ಕೆ ಎರಡು ಸೇರು ಹುರುಳಿ. ರಾತ್ರಿ ನೆನೆಹಾಕಿ, ಬೆಳಗಿನ ಜಾವಕ್ಕೆ ಬೇಯಿಸಿ, ಕಟ್ಟು ಬಸಿದು, ಆರಿಸಿ ಕೊಡುವುದು. ಬಿಸಿ ಇರಬಾರದು, ಹಳಸಿರಲೂಬಾರದು. ಹಳಸಿದ್ದನ್ನು ಮೂಗಿನಿಂದಲೇ ತಿಳಿಯಬೇಕು. ಮಳೆಗಾಲದಲ್ಲಿ ಹುರುಳಿ ಮೂಟೆಯೊಳಗೆ ಮೊಳಕೈವರೆಗೆ ಕೈ ತೂರಿ, ಅಡಿಯ ಕಾಳನ್ನು ತೆಗೆದು ಮೂಸುತ್ತಿದ್ದರಂತೆ. ಎರಡು ಸೇರನ್ನೂ ಒಮ್ಮೆಗೇ ಹಾಕುವಂತಿಲ್ಲ, ಮೂರು ಹೊತ್ತಿಗೆ ಹಂಚಬೇಕು. ಮೊದಲು ನೀರು, ಆಮೇಲೆ ಹುಲ್ಲು, ಕೊನೆಗೆ ಕಾಳು. ಓಡಿ ಬೆವೆತು ಬಂದ ಕುದುರೆಗೆ ತಕ್ಷಣ ಕಾಳು ಕೊಡುವುದು ಪಾಪ ಎಂದೇ ಅವರ ಮಾತು. ಕಾಳಿಗೆ ಅರ್ಧ ಹಿಡಿ ಕಲ್ಲುಪ್ಪು. ಜೊತೆಗೆ ಗೋದಿ ಬೂಸಾ ಒಂದಿಷ್ಟು. ವಾರಕ್ಕೊಮ್ಮೆ ಅಗಸೆಬೀಜವನ್ನು ಚೆನ್ನಾಗಿ ಕುದಿಸಿದ ಲೋಳೆಯಂಥ ಗಂಜಿ. ಹುರುಳಿ ಹೊಟ್ಟು ಸಿಕ್ಕಾಗ ಅದು. ಹೊಸ ಮೂಟೆ ಬಂದರೆ ಹಳೆಯ ಕಾಳಿನೊಡನೆ ಬೆರೆಸಿ, ಎಂಟು ಹತ್ತು ದಿನ ಹೊಸದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು.

ಇವುಗಳಲ್ಲಿ ಬಹುಪಾಲು ಇಂದಿನ ಪಶುವೈದ್ಯವೂ ಒಪ್ಪುವಂಥವು. ಸ್ವಲ್ಪ ಸ್ವಲ್ಪವೇ, ಹಲವು ಸಲ. ಮೇವಿನ ಬದಲಾವಣೆ ನಿಧಾನವಾಗಿ. ಹುಲ್ಲು ಮುಂದು, ಕಾಳು ಹಿಂದು. ಕುದುರೆಯ ಹೊಟ್ಟೆಯ ಕುರಿತ ಯಾವ ಪಠ್ಯಪುಸ್ತಕವೂ ಇದರಿಂದಲೇ ಆರಂಭಿಸುತ್ತದೆ. ಉಪ್ಪು ಬೆವರಿನಲ್ಲಿ ಹೋದುದನ್ನು ತುಂಬುತ್ತದೆ. ಅದಕ್ಕಿಂತ ಮುಖ್ಯವಾಗಿ ನೀರು ಕುಡಿಸುತ್ತದೆ. ಕಡಿಮೆ ನೀರು ಕುಡಿದ ಕುದುರೆಯ ಕರುಳಿನಲ್ಲಿ ಮೇವು ಒಣಗಿ ಕಟ್ಟಿಕೊಳ್ಳುವುದು ಶೂಲೆಯ ಸಾಮಾನ್ಯ ಕಾರಣಗಳಲ್ಲೊಂದು. ಬೂಸಾದ ವಿಷಯದಲ್ಲಿ ಒಂದು ಕುತೂಹಲದ ಸಂಗತಿಯಿದೆ. ಅದರಲ್ಲಿ ರಂಜಕ ಬಹಳ, ಸುಣ್ಣದ ಅಂಶ ಕಡಿಮೆ. ಬರಿಯ ಬೂಸಾ, ತವುಡು ತಿಂದ ಕುದುರೆಯ ಎಲುಬು ಸೊರಗಿ, ಮುಖದ ಮೂಳೆ ಊದಿಕೊಳ್ಳುತ್ತದೆ. ಹುರುಳಿಯೋ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕಗಳ ಪ್ರಕಾರ 100 ಗ್ರಾಮಿಗೆ 22 ಗ್ರಾಂ ಪ್ರೋಟೀನನ್ನೂ 287 ಮಿಲಿಗ್ರಾಂ ಸುಣ್ಣದ ಅಂಶವನ್ನೂ ಹೊಂದಿದೆ. ಕಾಳುಗಳಲ್ಲಿ ಇದು ಹೆಚ್ಚಿನ ಪ್ರಮಾಣವೇ. ಬೂಸಾದ ಕೊರತೆಯನ್ನು ಹುರುಳಿ ಸ್ವಲ್ಪಮಟ್ಟಿಗೆ ತುಂಬುತ್ತಿತ್ತು. ಹಿರಿಯರಿಗೆ ಈ ಲೆಕ್ಕ ಗೊತ್ತಿರಲಿಲ್ಲ. “ಬರೀ ಬೂಸಾ ಹಾಕಿದ್ರೆ ಮೂತಿ ದಪ್ಪ ಆಗುತ್ತೆ” ಎಂಬುದು ಗೊತ್ತಿತ್ತು.

ಇವೆಲ್ಲ ಆದಮೇಲೆ ಬರುವುದು ‘ಮಸಾಲೆ’. ಓಮ, ಒಣಶುಂಠಿ, ಕಾಳುಮೆಣಸು, ಇಂಗು, ಬೆಳ್ಳುಳ್ಳಿ, ಕರಿಯುಪ್ಪು ಕುಟ್ಟಿ ಹಳೆಯ ಬೆಲ್ಲದಲ್ಲಿ ಕಟ್ಟಿದ ಉಂಡೆ. ಮಳೆ ಹಿಡಿದಾಗ ಮತ್ತು ಹಸಿಹುಲ್ಲು ಹೆಚ್ಚಾದಾಗ ಒಂದೊಂದು. ಮಸಾಲೆಯ ಬಗ್ಗೆ ನಮ್ಮ ಜಾನಪದ ಸಂಗ್ರಹಕಾರರಿಗೆ ವಿಶೇಷ ಮೋಹ. ಗಿಡಮೂಲಿಕೆಯ ಪಟ್ಟಿ ಸಿಕ್ಕೊಡನೆ ಕೆಲಸ ಮುಗಿಯಿತೆಂದು ಟಿಪ್ಪಣಿ ಪುಸ್ತಕ ಮುಚ್ಚಿಬಿಡುತ್ತೇವೆ. ನಾನೂ ಮೊದಲ ಭೇಟಿಯಲ್ಲಿ ಹಾಗೆಯೇ ಮಾಡಿದೆ. ಎರಡನೆಯ ಸಲ ಹೋದಾಗ ಹಿರಿಯರು ನಕ್ಕು, “ನೀವು ಬರ್ಕೊಂಡಿದ್ದು ಕೊನೇದನ್ನ” ಎಂದರು. ಅವರ ಕ್ರಮದಲ್ಲಿ ಮಸಾಲೆ ನೀರು, ಹುಲ್ಲು, ಹೊತ್ತು, ಹದಗಳ ನಂತರದ್ದು. ಮೊದಲಿನ ನಾಲ್ಕು ತಪ್ಪಿದರೆ ಉಂಡೆ ಏನೂ ಮಾಡದು. ಓಮದಲ್ಲಿ ಥೈಮಾಲ್ ಎಂಬ ಅಂಶವಿದೆ, ಅದು ಸೆಳೆತವನ್ನು ಸಡಿಲಿಸುತ್ತದೆ ಎಂಬುದೇನೋ ನಿಜ. ಆದರೆ ಅಷ್ಟರಿಂದಲೇ ಮಸಾಲೆ ಉಂಡೆಯನ್ನು ಶೂಲೆಯ ಮದ್ದೆಂದು ಸಾರುವುದು ಅವಸರದ ಮಾತಾಗುತ್ತದೆ. ಇಂದು ಡಬ್ಬಿಗಳಲ್ಲಿ ಬರುವ ಪೂರಕಾಹಾರಗಳ ವಿಷಯವೂ ಇಷ್ಟೇ. ಹಿಂಗರುಳಿನ ಜೀವಿಗಳಿಗೆ ನೆರವಾಗಲೆಂದು ಯೀಸ್ಟನ್ನೂ, ಮರಳು ಹೊರಹೋಗಲೆಂದು ಇಸಬಗೋಲನ್ನೂ ಕೊಡುತ್ತಾರೆ. ಯೀಸ್ಟಿನಿಂದ ನಾರು ಅರಗಲು ಕೆಲಮಟ್ಟಿಗೆ ಸಹಾಯವಾಗುವುದೆಂದು ಕೆಲವು ಪ್ರಯೋಗಗಳು ತೋರಿಸಿವೆ, ಇಸಬಗೋಲಿನ ಬಗ್ಗೆ ಅಧ್ಯಯನಗಳು ಒಮ್ಮತದಲ್ಲಿಲ್ಲ. ಭದ್ರಾ ನದಿಯ ದಂಡೆಯಲ್ಲಿ ಕುದುರೆ ಮೇಯಿಸುತ್ತಿದ್ದವರಿಗೆ ಮರಳಿನ ಭಯವೂ ಇತ್ತು. ಅವರು ಹುಡುಕಿದ ಉಪಾಯ ಸರಳ: ಬೇಸಗೆಯಲ್ಲಿ ಹುಲ್ಲು ಬುಡಮಟ್ಟವಾದಾಗ ಅಲ್ಲಿ ಕಟ್ಟದಿರುವುದು.

ಜನಪದ ವೈದ್ಯವೆಲ್ಲ ಅಮೃತವೆಂದು ನಾನು ಹೇಳುತ್ತಿಲ್ಲ. ಶೂಲೆ ಬಂದ ಕುದುರೆಯ ಹೊಟ್ಟೆಯ ಮೇಲೆ ಕಾದ ಕಬ್ಬಿಣದಿಂದ ಬರೆ ಹಾಕುವ ಪದ್ಧತಿ ಇತ್ತು. ಅದು ನೋವಿನ ಮೇಲೆ ನೋವು, ಅಷ್ಟೇ. ಗೊಟ್ಟದಲ್ಲಿ ಮದ್ದು ಸುರಿಯುವುದು ದನಕ್ಕೆ ಹೇಗೋ ನಡೆದೀತು, ತಲೆ ಎತ್ತಿ ಹಿಡಿದ ಕುದುರೆಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುವ ಅಪಾಯವುಂಟು. ಶೂಲೆ ತಿರುಚಿದ ಕರುಳಿನದಾದರೆ ಯಾವ ಸಲೋತ್ರಿಯ ಕೈಯಲ್ಲೂ ಏನೂ ಇಲ್ಲ; ಶಸ್ತ್ರಚಿಕಿತ್ಸೆಯೊಂದೇ ದಾರಿ. ಸಂಗ್ರಹದ ಉತ್ಸಾಹದಲ್ಲಿ ಇವನ್ನು ಮರೆಮಾಚುವುದು ನಮ್ಮ ಶಿಸ್ತಿಗೆ ಶೋಭೆಯಲ್ಲ.

ಈ ವಿದ್ಯೆಯ ನಿಜವಾದ ಸೂಕ್ಷ್ಮವಿರುವುದು ಮದ್ದಿನಲ್ಲಲ್ಲ, ನೋಟದಲ್ಲಿ. “ಕುದುರೆ ಮಾತಾಡೋದು ಹಿಂದಿನಿಂದ, ಮುಂದಿನಿಂದ ಅಲ್ಲ” ಎಂದರು ಹಿರಿಯರು. ಲದ್ದಿ ಎಷ್ಟು ಸಲ ಬಿತ್ತು, ಉಂಡೆ ನೆಲಕ್ಕೆ ಬಿದ್ದಾಗ ಒಡೆಯಿತೇ ಉರುಳಿತೇ, ಮೇಲೆ ಲೋಳೆಯಿದೆಯೇ, ಇಡೀ ಹುರುಳಿ ಕಾಳು ಕಾಣುತ್ತದೆಯೇ, ಹುಳಿ ವಾಸನೆಯೇ, ಇವನ್ನೆಲ್ಲ ದಿನವೂ ಬೆಳಿಗ್ಗೆ ನೋಡಬೇಕು. ಕಾಳು ಇಡಿಯಾಗಿ ಬಂದರೆ ಬೇಯಿಸಿದ್ದು ಸಾಲದು ಅಥವಾ ಹಲ್ಲು ಕೆಟ್ಟಿದೆ. ಉಂಡೆ ಗಟ್ಟಿಯಾಗಿ ಉರುಳಿದರೆ ನೀರು ಸಾಲದು. ಕುದುರೆ ತನ್ನ ಪಕ್ಕೆಯನ್ನು ತಾನೇ ತಿರುತಿರುಗಿ ನೋಡುತ್ತಿದ್ದರೆ, ಮುಂಗಾಲಿನಿಂದ ನೆಲ ಕೆರೆದರೆ, ಮೇವು ಬಿಟ್ಟು ಮಲಗಿ ಎದ್ದರೆ ಶೂಲೆ ಶುರುವಾಗಿದೆ. ಆಗ ಪಕ್ಕೆಗೆ ಕಿವಿಯಿಟ್ಟು ಕೇಳುತ್ತಿದ್ದರು. ಗುಡುಗುಡು ಸದ್ದಿದ್ದರೆ ಧೈರ್ಯ, ಸದ್ದಡಗಿದ್ದರೆ ಭಯ. ಪಶುವೈದ್ಯರು ಸ್ಟೆತೊಸ್ಕೋಪ್ ಇಟ್ಟು ಕೇಳುವುದೂ ಇದನ್ನೇ.

ಅವರ ಕೈಯಲ್ಲಿ ಸತ್ತದ್ದು ಒಂದೇ ಕುದುರೆಯಂತೆ. ಹೆಣ್ಣು, ಕಂದು ಬಣ್ಣದ್ದು. ಮದುವೆಮನೆಯೊಂದರ ಮುಂದೆ ಗಾಡಿ ನಿಲ್ಲಿಸಿ ಊಟಕ್ಕೆ ಹೋಗಿದ್ದಾಗ, ಯಾರೋ ಪುಣ್ಯಾತ್ಮರು ಉಳಿದ ಅನ್ನವನ್ನೂ ಸಿಹಿಯನ್ನೂ ಬುಟ್ಟಿಗಟ್ಟಲೆ ತಂದು ಸುರಿದರು. ತಿಂದಿತು. ನಡುರಾತ್ರಿಗೆ ನೆಲ ಕೆರೆಯತೊಡಗಿತು. ಮಸಾಲೆ ಕೊಟ್ಟರು, ನಡೆಸಿದರು, ಭದ್ರಾ ಸೇತುವೆಯವರೆಗೆ ಹೋಗಿ ಹಿಂದಕ್ಕೆ ಬಂದರು, ಮತ್ತೆ ಹೋದರು. ಬೆಳಗಾಗುವಾಗ ಪಕ್ಕೆಗೆ ಕಿವಿಯಿಟ್ಟರೆ ಒಳಗೆ ಸದ್ದಿಲ್ಲ. ಆ ವರ್ಷದ ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು ಎಂದು ಅವರು ಹೇಳಿದ್ದು ಬೇರೊಂದು ಮಾತಿನ ನಡುವೆ, ನಾನು ಕೇಳದೆಯೇ. ಪೋಲೋ ಕಂಡ ಬೇಯಿಸಿದ ಅನ್ನದ ಕುರಿತು ನಾನು ಮೇಲೆ ಹೇಳಿದ ಅಭಿಪ್ರಾಯಕ್ಕೆ ಗ್ರಂಥಗಳಿಗಿಂತ ಈ ರಾತ್ರಿಯೇ ಹೆಚ್ಚಿನ ಆಧಾರ.

ಈಗ ಈ ಭಾಗದಲ್ಲಿ ಕುದುರೆ ಉಳಿದಿರುವುದು ಮುಖ್ಯವಾಗಿ ಮದುವೆ ಮೆರವಣಿಗೆಗಳಿಗಾಗಿ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಫಾರಂ ಮತ್ತು ಬೆಂಗಳೂರಿನ ಪಂದ್ಯದ ಲಾಯಗಳಲ್ಲಿ ಓಟ್ಸ್, ಕುದುರೆಮಸಾಲೆ ಸೊಪ್ಪು, ಡಬ್ಬಿಯ ಪುಡಿಗಳು, ವೈದ್ಯರು ಇದ್ದಾರೆ. ಲೂಸರ್ನ್ ಸೊಪ್ಪಿಗೆ ಕನ್ನಡ ರೈತ ‘ಕುದುರೆಮಸಾಲೆ’ ಎಂದೇ ಹೆಸರಿಟ್ಟಿರುವುದನ್ನು ಇಲ್ಲಿ ಗಮನಿಸಬಹುದು. ಮೇವನ್ನೂ ಮದ್ದನ್ನೂ ಬೇರೆ ಮಾಡದ ಮನಸ್ಸು ಆ ಹೆಸರಿನಲ್ಲಿದೆ. ಮೆರವಣಿಗೆಯ ಬಿಳಿ ಕುದುರೆಗೆ ಇವಾವುವೂ ಇಲ್ಲ. ರಾತ್ರಿ ಹನ್ನೊಂದರವರೆಗೆ ಬ್ಯಾಂಡಿನ ಸದ್ದಿನಲ್ಲಿ ನಿಂತು, ನೀರಿಲ್ಲದೆ, ನೆಂಟರು ಪ್ರೀತಿಯಿಂದ ಬಾಯಿಗಿಡುವ ಲಾಡು, ಜಿಲೇಬಿಗಳನ್ನು ತಿಂದು ಅದು ಮನೆಗೆ ಬರುತ್ತದೆ.

ನಾನು ಕೊನೆಯ ಸಲ ಹಳೇನಗರಕ್ಕೆ ಹೋಗಿದ್ದಾಗ ಹಿರಿಯರ ಮೊಬೈಲಿಗೆ ಕರೆ ಬಂತು. ಶಿವಮೊಗ್ಗದಲ್ಲಿ ಮೆರವಣಿಗೆ ಕುದುರೆ ಇಟ್ಟುಕೊಂಡಿರುವ ಹುಡುಗನೊಬ್ಬ, ದೂರದ ಸಂಬಂಧಿ. ಕುದುರೆ ಬೆಳಿಗ್ಗೆಯಿಂದ ಮೇವು ಮುಟ್ಟಿಲ್ಲ, ಪೇಟೆಯಲ್ಲಿ ಯಾವುದೋ ಪುಡಿ ಕೊಟ್ಟಿದ್ದಾರೆ, ಎಷ್ಟು ಚಮಚ ಹಾಕಬೇಕು ಎಂಬುದು ಅವನ ಪ್ರಶ್ನೆ. ಹಿರಿಯರು ಪುಡಿಯ ಸುದ್ದಿಯನ್ನೇ ಎತ್ತಲಿಲ್ಲ.

“ಬೇಟಾ, ಮೊದಲು ಡಾಕ್ಟರಿಗೆ ಫೋನ್ ಮಾಡು. ಆಮೇಲೆ ಹೇಳು, ಲದ್ದಿ ಹಾಕಿದ್ದು ಯಾವಾಗ? ನೀರು ಕುಡೀತಾ?”

ಆ ಕಡೆಯಿಂದ ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಹುಡುಗ ನೋಡಲು ಹೋಗಿದ್ದ.